ಅರಿಷಿಣದ ಸ್ವೆಟರು

ಹೆಣಿಗೆ ಬಲ್ಲ ಹೆಂಡತಿ ಸಿಗುವುದು ದೊಡ್ಡ ಭಾಗ್ಯ ಎನ್ನುವವರನ್ನು ನಾನು ಬಹಳ ಜನ ಕಂಡಿದ್ದೇನೆ. ಅವರ್ಯಾರ ಹೆಂಡತಿಗೂ ಹೆಣಿಗೆ ಬರುವುದಿಲ್ಲ. ಬರುತ್ತಿದ್ದರೆ ಅವರಿಗೂ ಗೊತ್ತಾಗುತ್ತಿತ್ತು, ಹೆಣೆಯುವವಳ ಮನೆಯಲ್ಲಿ ಯಾವ ವಸ್ತುವೂ ತನ್ನ ಪಾಡಿಗೆ ತಾನಿರುವಂತಿಲ್ಲ. ಎಲ್ಲವೂ ಒಂದಲ್ಲ ಒಂದು ದಿನ ಹೆಣಿಗೆಯ ಸಾಮಾನಾಗಿಯೇ ಆಗುತ್ತದೆ. ಗಂಡನಂತೂ ಮೊದಲ ದಿನವೇ ಆಗುತ್ತಾನೆ. ಸಂಜೆ ನಾನು ಶಾಲೆಯಿಂದ ಬಂದು ಚಹಾ ಕುಡಿದದ್ದೇ ತಡ, ನನ್ನ ಹೆಂಡತಿ ಗಿರಿಜಾ ನನ್ನ ಎರಡೂ ಕೈಗಳನ್ನು ಮುಂದಕ್ಕೆ ಚಾಚಿಸಿ, ಅವಕ್ಕೆ ನೂಲಿನ ಲಡಿ ತೊಡಿಸಿ, ಎದುರಿಗೆ ಕುಳಿತು ಉಂಡೆ ಸುತ್ತಲು ಶುರು ಮಾಡುತ್ತಿದ್ದಳು. ಆ ಹೊತ್ತಿನಲ್ಲಿ ಮೂಗು ತುರಿಸಿದರೂ ಅವಳಿಗೇ ಹೇಳಬೇಕು. "ತಡೀರಿ, ಈ ಲಡಿ ಮುಗೀಲಿ" ಎನ್ನುವಳು. ಮೂಗಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಒಮ್ಮೆ ನಮ್ಮ ಹೆಡ್‌ಮಾಸ್ತರರು ಇದ್ದಕ್ಕಿದ್ದಂತೆ ಮನೆಗೆ ಬಂದರು. ನಾನು ಗಡಬಡಿಸಿ ಎದ್ದು ಲಡಿಯ ಸಮೇತ ಕೈ ಮುಗಿಯಲು ಹೋದೆ. ಅವರು ಅದನ್ನು ಹಾರವೆಂದು ತಿಳಿದು ಕೊರಳು ಬಗ್ಗಿಸಿ ನಿಂತುಬಿಟ್ಟರು. ಹಾಕದೆ ವಿಧಿ ಇರಲಿಲ್ಲ, ಹಾಕಿದೆ. ಗಿರಿಜಾ ಅವರ ಕೊರಳಿನಿಂದಲೇ ಉಳಿದ ಉಂಡೆ ಸುತ್ತಿಕೊಂಡಳು.

ಇದು ಎಂಬತ್ತರ ದಶಕದ ಕೊನೆಯ ಮಾತು. ನಾನಾಗ ಚಿಕ್ಕೋಡಿಯ ಒಂದು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದೆ. ನಿಪ್ಪಾಣಿಯ ಅಂಗಡಿಯಲ್ಲಿ ಹೆಣಿಗೆಯ ಸೂಜಿಗಳು ಸಿಗುತ್ತಿದ್ದವು. ಆದರೆ ಗಿರಿಜಾಗೆ ಅವು ಬೆರಳಿಗೆ ಹೊಂದುತ್ತಿರಲಿಲ್ಲ. ಸೈಕಲ್ಲಿನ ಚಕ್ರದ ಕಡ್ಡಿಯನ್ನು ಕಲ್ಲಿಗೆ ತಿಕ್ಕಿ ಚೂಪು ಮಾಡಿಕೊಂಡರೆ ಅದರಂಥ ಸೂಜಿ ಇಲ್ಲ ಎಂದು ಯಾರೋ ಅವಳ ತಲೆಗೆ ತುಂಬಿದ್ದರು. ಸೈಕಲ್ಲು ಯಾರದು ಎಂದು ಬೇರೆ ಹೇಳಬೇಕಿಲ್ಲ. ಹಿಂದಿನ ಚಕ್ರ ದಿನೇ ದಿನೇ ಬಡವಾಗುತ್ತ ಬಂದು, ಕೊನೆಗೆ ನಾನು ಇಳಿಜಾರಿನಲ್ಲಿ ಹೊರಟರೆ ಅದು ತನಗೆ ಬೇಕಾದ ಕಡೆ ಹೊರಡುತ್ತಿತ್ತು. ಸಣ್ಣ ಹೆಣಿಗೆಗೆ ನನ್ನ ಕೊಡೆಯ ಕಡ್ಡಿಗಳು ಹೋದವು. ಕುಣಿಕೆಗಳಿಗೆ ಗುರುತು ಹಾಕಲು ಚಕ್ರದ ಗಾಳಿ ತಡೆಯುವ ಸಣ್ಣ ರಬ್ಬರ್ ಕೊಳವೆ, ಆ ವಾಲ್‌ಟ್ಯೂಬನ್ನು ಉಂಗುರ ಉಂಗುರವಾಗಿ ಕತ್ತರಿಸುತ್ತಿದ್ದಳು. ಪಂಕ್ಚರ್ ಅಂಗಡಿಯವನು ಒಂದು ದಿನ ತಡೆಯಲಾರದೆ, "ಮಾಸ್ತರ್, ಸಿಟ್ಟಾಗಬ್ಯಾಡ್ರಿ, ಈ ವಾಲ್‌ಟ್ಯೂಬ್ ಏನ್ ಮನ್ಯಾಗ ಪಲ್ಯಾ ಮಾಡ್ತೀರೇನ್ರಿ?" ಎಂದು ಕೇಳಿದ.

ಇಷ್ಟಕ್ಕೇ ನಿಂತಿದ್ದರೆ ನಾನು ಈ ಪ್ರಬಂಧ ಬರೆಯುತ್ತಿರಲಿಲ್ಲ. ಅವಳಿಗೆ ನೂಲಿಗೆ ತಾನೇ ಬಣ್ಣ ಹಾಕುವ ಹುಚ್ಚು ಹಿಡಿಯಿತು. "ಅಂಗಡಿ ಬಣ್ಣ ಊರ ಮಂದಿ ಮೈಮ್ಯಾಲೆಲ್ಲಾ ಐತ್ರಿ. ನಮ್ಮ ಬಣ್ಣ ಯಾರ ಹಂತ್ಯಾಕೂ ಇರಬಾರದು" ಎಂದಳು. ಅವಳ ತವರು ಕರೋಶಿ. ಅಲ್ಲಿ ಅವರಿಗೆ ಕುರಿಗಳಿದ್ದವು, ಅತ್ತೆ ಬಿಳಿ ಉಣ್ಣೆಯನ್ನು ನೂತು ಲಡಿ ಮಾಡಿ ಕಳಿಸುತ್ತಿದ್ದರು. ಅದನ್ನು ಗಿರಿಜಾ ನಮ್ಮ ಸ್ನಾನದ ಹಂಡೆಯಲ್ಲಿ ಕುದಿಸುವಳು. ಈರುಳ್ಳಿ ಸಿಪ್ಪೆ ಆಯಿತು, ಚಹಾಪುಡಿ ಆಯಿತು, ದಾಳಿಂಬೆ ಸಿಪ್ಪೆಯೂ ಆಯಿತು. ದ್ರಾಕ್ಷಿ ಹಿಂಡಿ ಬಣ್ಣ ಹಾಕಿದ ಕಾಲುಚೀಲವನ್ನು ನನಗಿಂತ ಮೊದಲು ಇರುವೆಗಳು ಹಾಕಿಕೊಂಡವು. ನಿಪ್ಪಾಣಿಯಿಂದ ತಂಬಾಕಿನ ಪುಡಿ ತರಿಸಿ, ಕುದಿಸಿ, ಒಳ್ಳೆಯ ಕಂದು ಬಣ್ಣ ತೆಗೆದಳು. ಆ ನೂಲಿನಲ್ಲಿ ನನ್ನ ಸೋದರಮಾವ ಬಾಳಪ್ಪ ಮಾಮಾನಿಗೆ ಒಂದು ಮಂಕಿ ಟೋಪಿ ಹೆಣೆದುಕೊಟ್ಟಳು. ಮಾಮಾ ಮನೆದೇವರ ಮುಂದೆ ಆಣೆ ಮಾಡಿ ತಂಬಾಕು ಬಿಟ್ಟ ಮನುಷ್ಯ. ಟೋಪಿ ಹಾಕಿದ ಮೇಲೆ ಮಾತ್ರ ತೆಗೆಯಲು ಒಲ್ಲೆನೆಂದ. ಬಿಸಿಲಿನಲ್ಲೂ ಹಾಕಿದ, ಊಟಕ್ಕೂ ಹಾಕಿದ. ಅದರ ಗದ್ದದ ದಾರವನ್ನು ಬಾಯಲ್ಲಿಟ್ಟುಕೊಂಡು ಬಹಳ ಸಮಾಧಾನವಾಗಿ ಇರುತ್ತಿದ್ದ. "ಇದಕ್ಕ ಆಣಿ ಇಲ್ಲವಾ, ಇದು ಟೊಪಗಿ" ಎನ್ನುತ್ತಿದ್ದ.

ಆ ವರ್ಷ ನಮ್ಮ ಮನೆಯಲ್ಲಿ ನನ್ನ ತಂಗಿ ಕಮಲಾಳ ಮದುವೆಯ ಮಾತು ನಡೆದಿತ್ತು. ಹಿಂದೆ ಎರಡು ಸಂಬಂಧ ಕೂಡಿ ಬಂದು ತಪ್ಪಿದ್ದವು. ತಪ್ಪಿಸಿದವನು ನಾನೇ ಎಂದು ಮನೆಯವರ ಅಭಿಪ್ರಾಯ. ನಾನು ಮಾಡಿದ್ದು ಇಷ್ಟೇ. ರಾಯಬಾಗ ಕಡೆಯ ಒಬ್ಬ ಬೀಗರು ಹೊಳೆಯ ದಂಡೆಯ ತಮ್ಮ ಹೊಲವನ್ನು ಹೊಗಳುತ್ತಿದ್ದಾಗ, ಅದು ನದಿಯ ಹೊರತಿರುವಿನಲ್ಲಿದೆ, ಕೆಲವು ಸಾವಿರ ವರ್ಷಗಳಲ್ಲಿ ನೀರು ಅದನ್ನು ಪೂರ್ತಿ ಕೊರೆದುಕೊಂಡು ಹೋಗುತ್ತದೆ ಎಂದು ಒಂದು ಕಡ್ಡಿಯಿಂದ ನೆಲದ ಮೇಲೆ ಚಿತ್ರ ಬಿಡಿಸಿ ತೋರಿಸಿದೆ. ಭೂಗೋಳ ಗೊತ್ತಿಲ್ಲದವರ ಹತ್ತಿರ ಸಂಬಂಧ ಬೆಳೆಸುವುದೇ ಕಷ್ಟ. ಎರಡನೆಯ ಮನೆಯಲ್ಲಿ ಹೇಳಿದ್ದನ್ನು ನಾನು ಇಲ್ಲಿ ಹೇಳುವುದಿಲ್ಲ. ಅದು ಜ್ವಾಲಾಮುಖಿಗೆ ಸಂಬಂಧಿಸಿದ್ದು.

ಈಗಿನ ಸಂಬಂಧ ಕಾಗವಾಡದ್ದು. ದ್ರಾಕ್ಷಿ, ಕಬ್ಬು ಎರಡೂ ಇದ್ದ ಮನೆತನ. ಹುಡುಗ ಸುಭಾಷ ಚಿಕ್ಕೋಡಿಗೆ ಬಂದು ಕಮಲಾಳನ್ನು ನೋಡಿಕೊಂಡು ಹೋಗಿದ್ದ. ಅವನಿಗೆ ಒಪ್ಪಿಗೆಯಾಗಿತ್ತು. ಕಮಲಾಳಿಗೆ ಎಷ್ಟು ಒಪ್ಪಿಗೆಯಾಗಿತ್ತೆಂದರೆ ಅಂದಿನಿಂದ ಅವಳು ಮಾಡಿದ ಸಾರಿಗೆ ಉಪ್ಪು ಬೀಳುತ್ತಿರಲಿಲ್ಲ. ಇನ್ನು ನಾವು ಹೋಗಿ ಅವರ ಮನೆತನ ನೋಡಿ ಬರುವುದು, ಅಲ್ಲಿಯೇ ಮಾತು ಮುಗಿಸುವುದು ಉಳಿದಿತ್ತು. ತಂದೆ ಇಲ್ಲದ ಮನೆ, ಹಿರಿಯನೆಂದು ನಾನೇ ಹೋಗಬೇಕು. ಹೊರಡುವ ಮುಂಚೆ ಕಮಲಾ ಬಂದು ನಿಂತಳು. "ಅಣ್ಣಾ, ನಿನ್ನ ಕಾಲ ಬೀಳತೇನಿ, ಅಲ್ಲಿ ಬಾಯಿ ತಗೀಬ್ಯಾಡ. ಈ ಮನಿತನ ತಪ್ಪಿದ್ರ ನಾ ಮತ್ತೊಬ್ಬರ ಮುಂದ ಚಹಾದ ತಾಟ ಹಿಡದ ನಿಂದ್ರಾಂಗಿಲ್ಲ ನೋಡು" ಎಂದಳು. ಕಣ್ಣಲ್ಲಿ ನೀರಿತ್ತು. ಬಾಯಿ ತೆಗೆಯುವುದಿಲ್ಲ ಎಂದು ಮಾತು ಕೊಟ್ಟೆ. "ಅವ್ರು ಏನ ಅಂದ್ರೂ ಹೂಂ ಅನ್ರಿ, ಸಾಕು. ಹೊಸಾ ಸ್ವೆಟರ್ ಹಾಕ್ಕೊಂಡ ಸುಮ್ಮ ಕುಂದರ್ರಿ. ಮಂದಿ ಶಾಣ್ಯಾ ಮನುಷ್ಯಾ ಅಂತ ತಿಳ್ಕೊಂತಾರ" ಎಂದು ಗಿರಿಜಾ ಸೇರಿಸಿದಳು.

ಆ ಹೊಸ ಸ್ವೆಟರು ಅರಿಷಿಣದ್ದು. ನೂಲನ್ನು ಅರಿಷಿಣದಲ್ಲಿ ಕುದಿಸಿ, ಒಣಗಿಸಿ, ನನ್ನ ಸೈಕಲ್ಲಿನ ಕಡ್ಡಿಗಳಿಂದಲೇ ಹೆಣೆದಿದ್ದಳು. ಮುಗಿದ ಮೇಲೆ ನೋಡಿದರೆ ಬಣ್ಣ ಯಾಕೋ ಕಾಮಾಲೆ ಹಿಡಿದಂತೆ ಕಂಡಿತಂತೆ. ಅದಕ್ಕೆ ಸ್ವೆಟರನ್ನು ಮತ್ತೆ ಒದ್ದೆ ಮಾಡಿ, ಮೇಲಿಂದ ಇನ್ನಷ್ಟು ಪುಡಿ ಸುರಿದು, ಚಪಾತಿ ಹಿಟ್ಟು ನಾದಿದಂತೆ ನಾದಿ ನೆರಳಿಗೆ ಹಾಕಿದ್ದಳು. ತಲೆಯಿಂದ ಇಳಿಸಿಕೊಳ್ಳುವಾಗಲೇ ನನ್ನ ಮೀಸೆ ಹಳದಿಯಾಯಿತು. "ಎರಡ ದಿನ ಉದರತೈತಿ, ಆಮ್ಯಾಲ ನಿಂದರತೈತಿ" ಎಂದು ಗಿರಿಜಾ ಅಂದಳು. ನಾವು ಹೋಗುವುದು ಅವತ್ತೇ ಅಲ್ಲವೇ ಎಂದು ನಾನು ಕೇಳಲಿಲ್ಲ. ಬಾಯಿ ತೆಗೆಯದಿರುವುದನ್ನು ಆಗಲೇ ಅಭ್ಯಾಸ ಮಾಡುತ್ತಿದ್ದೆ.

ಬಸ್ಸಿನಲ್ಲಿ ನಾನು, ಪಕ್ಕದಲ್ಲಿ ತಂಬಾಕಿನ ಟೋಪಿಯ ಬಾಳಪ್ಪ ಮಾಮಾ. ನಮ್ಮ ಸೀಮೆಯಲ್ಲಿ ಮೈತುಂಬ ಹಳದಿಯಾದ ಮನುಷ್ಯ ಕಂಡರೆ ಅವನು ಚಿಂಚಲಿ ಮಾಯವ್ವನ ದರ್ಶನ ಮಾಡಿ ಬಂದವನೆಂದೇ ಲೆಕ್ಕ. ಅಲ್ಲಿ ಭಕ್ತರ ಮೇಲೆ ಭಂಡಾರ ಎರಚುತ್ತಾರೆ. ಭಂಡಾರವೆಂದರೆ ಅರಿಷಿಣದ ಪುಡಿಯೇ. ಹಿಂದಿನ ಸೀಟಿನ ಮುದುಕಿಯೊಬ್ಬಳು ಬಾಗಿ, "ಚಿಂಚಲಿಯಿಂದ ಬಂದ್ಯೇನಪಾ?" ಎಂದಳು. "ಹೂಂ" ಎಂದೆ, ಬಾಯಿಪಾಠದ ಪ್ರಕಾರ. ಅವಳು ನನ್ನ ಭುಜಕ್ಕೆ ಬೆರಳು ಒತ್ತಿ ಹಣೆಗೆ ಹಚ್ಚಿಕೊಂಡಳು. ಅದನ್ನು ನೋಡಿದ ಉಳಿದವರು ಸುಮ್ಮನಿರುತ್ತಾರೆಯೇ? ಬಸ್ಸಿಗೆ ಬಸ್ಸೇ ಎದ್ದು ಬಂತು. ಕಂಡಕ್ಟರ್ ಕೂಡ ಟಿಕೆಟ್ ಹರಿದು ಕೊಟ್ಟು ನನ್ನ ತೋಳು ಮುಟ್ಟಿ ಕಣ್ಣಿಗೆ ಒತ್ತಿಕೊಂಡ. "ಸ್ವಲ್ಪ ಉಳಸ್ರ್ಯೋ, ಬೀಗರ ಮನಿಗೆ ಹೊಂಟಾನ" ಎಂದು ಮಾಮಾ ಟೋಪಿಯ ದಾರ ಕಚ್ಚಿಕೊಂಡೇ ಬೇಡಿಕೊಂಡ.

ಕಾಗವಾಡದಲ್ಲಿ ಹುಡುಗನ ತಂದೆ ಅಪ್ಪಾಸಾಹೇಬರು ಬಾಗಿಲಲ್ಲೇ ಕಾಯುತ್ತಿದ್ದರು. ಬಿಳಿ ಧೋತರ, ಬಿಳಿ ಅಂಗಿ, ಬಿಳಿ ಟೋಪಿ, ಎಲ್ಲವೂ ಗರಿಗರಿ. "ಬರ್ರಿ ಮಾಸ್ತರ್, ಬರ್ರಿ!" ಎಂದು ಎರಡೂ ತೋಳು ಚಾಚಿ ನನ್ನನ್ನು ಗಟ್ಟಿಯಾಗಿ ಅಪ್ಪಿಕೊಂಡರು. ಬಿಟ್ಟಾಗ ಅವರ ಬೆನ್ನ ಮೇಲೆ ನನ್ನ ಎರಡು ತೋಳುಗಳೂ ಹಳದಿಯಾಗಿ ಉಳಿದಿದ್ದವು. ಅವರಿಗೆ ಅದು ಗೊತ್ತಾಗಲಿಲ್ಲ. ನನಗೆ ಮಾತ್ರ ಆ ಚಳಿಯಲ್ಲಿಯೂ ಬೆವರು ಒಡೆಯಿತು. ಜಮಖಾನೆ ಹಾಸಿದ್ದಲ್ಲಿ ಹೋಗಿ ಗೋಡೆಗೆ ಆತು ಕುಳಿತುಬಿಟ್ಟೆ. ಅರಿಷಿಣಕ್ಕೆ ಸುಣ್ಣ ತಾಗಿದರೆ ಕೆಂಪಾಗುತ್ತದೆ ಎಂಬುದು ನಮ್ಮ ಕಡೆ ತೊಟ್ಟಿಲ ಕೂಸಿಗೂ ಗೊತ್ತು. ನನಗೆ ಗೊತ್ತಿರದಿದ್ದುದು, ಬೀಗರು ಬರುತ್ತಾರೆಂದು ಆ ಗೋಡೆಗೆ ಅಂದು ಬೆಳಿಗ್ಗೆಯೇ ಸುಣ್ಣ ಹೊಡೆದಿದ್ದಾರೆ ಎಂಬ ಸಂಗತಿ. ಬೆನ್ನು ತಣ್ಣಗಾಯಿತಲ್ಲ ಎಂದು ಓರೆಗಣ್ಣಿನಿಂದ ನೋಡಿದೆ. ಭುಜದ ಹಿಂದೆ, ಬೆಳ್ಳಗಿನ ಗೋಡೆಯ ಮೇಲೆ, ಕೆಂಪು ಇಣುಕುತ್ತಿತ್ತು.

ಏಳಬಾರದು ಎಂದು ಅಲ್ಲಿಯೇ ನಿರ್ಧಾರ ಮಾಡಿದೆ. ಎದ್ದರೆ ಅವರ ಗೋಡೆಯೂ ಹೋಯಿತು, ತಂಗಿಯ ಸಂಬಂಧವೂ ಹೋಯಿತು. ಕತ್ತಲಾಗುವವರೆಗೆ ಕುಳಿತಿದ್ದರೆ ಏನಾದರೂ ದಾರಿ ಕಂಡೀತು. ಅಪ್ಪಾಸಾಹೇಬರು, "ನಡೀರಿ, ದ್ರಾಕ್ಷಿ ಪಡ ನೋಡಿ ಬರೂನು" ಎಂದು ತೋಟಕ್ಕೆ ಕರೆದರು. "ಹೂಂ" ಎಂದೆ, ಏಳಲಿಲ್ಲ. ಅವರು ಮತ್ತೆ ಕರೆದರು. "ಇಲ್ಲಿಂದನ ಕಾಣತೈತ್ರಿ" ಎಂದೆ. ಅಲ್ಲಿಂದ ಕಾಣುತ್ತಿದ್ದುದು ಒಂದು ಎಮ್ಮೆ ಮಾತ್ರ. ಊಟಕ್ಕೆ ಕರೆದರು. "ಹೂಂ" ಎಂದೆ. ತಾಟು ಇಟ್ಟು ಕಾದರು, ನಾನು ಗೋಡೆ ಬಿಡಲಿಲ್ಲ. ಅಪ್ಪಾಸಾಹೇಬರ ಮುಖ ಸಣ್ಣದಾಯಿತು. ಮಾಮಾನನ್ನು ಬಾಗಿಲ ಮರೆಗೆ ಕರೆದು, "ಮಾಸ್ತರ್ ಸಿಟ್ಟಾಗ್ಯಾರ ಕಾಣತೈತಿ. ನಮ್ಮಿಂದ ಏನ ತಪ್ಪಾತ್ರಿ?" ಎಂದು ಕೇಳಿದ್ದು ನನಗೆ ಕೇಳಿಸಿತು. ಏನೂ ಅರಿಯದ ಮಾಮಾ, "ಭಾಳ ಓದಿದವ್ರು ಹಿಂಗ ಇರ್ತಾರ್ರಿ" ಎಂದ.

ಅಪ್ಪಾಸಾಹೇಬರು ಬಂದು ನನ್ನೆದುರು ಕುಳಿತರು. "ನಿಮ್ಮ ತಂಗೀನ ಬಿಸಲಾಗ ಹೊಲದ ಕೆಲಸಕ್ಕ ಹಚ್ಚಾಂಗಿಲ್ಲರಿ" ಎಂದರು. "ಹೂಂ" ಎಂದೆ. "ಮುಂದ ಕಲೀತೇನಿ ಅಂದ್ರ ಕಾಲೇಜಿಗೆ ಕಳಸ್ತೇವಿ." "ಹೂಂ." "ಪಂಚಮಿಗೆ ತಪ್ಪದ ತವರಿಗೆ ಬರತಾಳ." "ಹೂಂ." ಹುಡುಗ ಸುಭಾಷನೂ ಬಂದು ಕೈ ಕಟ್ಟಿ, "ನಾ ಚಹಾ ಮಾಡಾಕ ಕಲ್ತೇನ್ರಿ" ಎಂದ. ನಾನು ಜೀವಮಾನದಲ್ಲಿ ಮಾತಾಡಿ ಇಷ್ಟು ಗಳಿಸಿದವನಲ್ಲ. ಆದರೆ ನನ್ನ ಒಂದೊಂದು "ಹೂಂ"ಗೂ ಆ ಮನೆಯವರು ಇನ್ನಷ್ಟು ಕಂಗಾಲಾಗುತ್ತಿದ್ದರು. ಅಷ್ಟರಲ್ಲಿ ಸುಭಾಷನ ಅಜ್ಜಿ, ಇಡೀ ಮನೆ ಆಯಿ ಎಂದು ಕರೆದು ಅಂಜುವ ಮುದುಕಿ, ಒಳಗಿನಿಂದ ಕೋಲೂರಿ ಬಂದಳು.

"ಯಾವಂವ ಇಂವಾ? ನಮ್ಮ ಗ್ವಾಡಿ ಬಿದ್ದೀತಂತ ಹಿಡದ ಕುಂತಾನೇನ?" ಎನ್ನುತ್ತ ನನ್ನ ರಟ್ಟೆ ಹಿಡಿದು ಒಂದೇ ಏಟಿಗೆ ಎಬ್ಬಿಸಿಬಿಟ್ಟಳು. ಗೋಡೆಯ ಮೇಲೆ ನಾನಿದ್ದೆ. ಎರಡು ಭುಜ, ಬಾಗಿದ ಬೆನ್ನು, ಸುತ್ತಲೂ ಹಳದಿ, ನಡುವೆ ಕೆಂಪು. ನನಗಂತೂ ಅಳುವೇ ಬಂತು. ಚಿಕ್ಕೋಡಿಯಲ್ಲಿ ಬಾಗಿಲಿಗೆ ನಿಂತು ದಾರಿ ಕಾಯುತ್ತಿರುವ ಕಮಲಾಳಿಗೆ ಏನು ಹೇಳಲಿ? ಬಾಯಿ ತೆಗೆಯಲಿಲ್ಲವಾ, ಬೆನ್ನು ತೆಗೆದೆ ಎನ್ನಲೇ?

ಆಯಿ ಗೋಡೆಗೆ ಬೆರಳು ತಾಗಿಸಿ ನೋಡಿದಳು, ಮೂಸಿದಳು. ಮಗನ ಕಡೆ ತಿರುಗಿ, "ಅಪ್ಪಾಸಾಬಾ, ಹೊಳ್ಳು" ಎಂದಳು. ಅವರು ಹೊರಳಿದರು. ಬೆನ್ನ ಮೇಲಿನ ಹಳದಿ ತೋಳುಗಳನ್ನು ಕಂಡು ಅವಳ ಮುಖವೆಲ್ಲ ನಗೆಯಾಯಿತು. "ಎಲಾ ಇವನ! ಹೆಣ್ಣಿನಂವ ಬಂದ ಕೂಡಲೆ ನಿನಗ ಅರಿಷಿಣ ಹಚ್ಯಾನ, ನಮ್ಮ ಗ್ವಾಡಿಗೆ ಕುಂಕಮ ಹಚ್ಯಾನ. ಇನ್ನೇನ ಉಳದೈತಂತ ಮಾತಾಡಕೋತ ಕುಂತೀರಿ? ಇಂಥಾ ಶಕುನ ನಾ ಹುಟ್ಟಿದಾಗಿಂದ ಕಂಡಿಲ್ಲ. ಸಕ್ಕರಿ ತರ್ರಿ!" ಎಂದು ಕೂಗಿದಳು. ನನ್ನ ಬಾಯಿಗೆ ಬಿದ್ದ ಸಕ್ಕರೆಯೂ ಸ್ವಲ್ಪ ಅರಿಷಿಣದ ರುಚಿಯಾಗಿತ್ತು. ಆದರೂ ಅಂಥ ಸಕ್ಕರೆ ನಾನು ಮತ್ತೆ ತಿಂದಿಲ್ಲ. ಹೊರಡುವಾಗ ಆಯಿ ಒಂದೇ ಒಂದು ಕರಾರು ಹಾಕಿದಳು. "ಈ ಸ್ವೆಟರಿನ ಗುಣ ಛಲೋ ಐತಿ. ಮದಿವಿಗೆ ಇದನ್ನ ಹಾಕ್ಕೊಂಡ ಬರಬೇಕ ನೋಡಪಾ." ನಾನು ರೂಢಿಯಂತೆ "ಹೂಂ" ಎಂದುಬಿಟ್ಟೆ.

ಮದುವೆ ವೈಶಾಖದಲ್ಲಿ, ಕಾಗವಾಡದಲ್ಲಿ, ತಗಡಿನ ಚಪ್ಪರದ ಕೆಳಗೆ. ನೆರಳಿಗೆ ಬಂದ ಕಾಗೆಗಳೂ ಬಾಯಿ ತೆರೆದು ಕೂತಿದ್ದ ಮಧ್ಯಾಹ್ನ. ನಾನು ಉಣ್ಣೆಯ ಸ್ವೆಟರಿನಲ್ಲಿದ್ದೆ. ಬಣ್ಣ ಕಡಿಮೆಯಾದೀತೆಂದು ಗಿರಿಜಾ ಹಿಂದಿನ ದಿನ ಮತ್ತೆ ಧಾರಾಳವಾಗಿ ಅರಿಷಿಣ ನಾದಿದ್ದಳು. ಬೆವರಿಗೆ ಅದು ಕರಗಿ ನನ್ನ ಕುತ್ತಿಗೆ, ಕೈ, ಧೋತರ, ಕಡೆಗೆ ಪಾದದವರೆಗೂ ಇಳಿಯಿತು. ಅಥಣಿ ಕಡೆಯ ಒಬ್ಬ ಹಿರಿಯರು ನೇರವಾಗಿ ನನ್ನ ಹತ್ತಿರ ಬಂದು, ತಲೆಯ ಮೇಲೆ ಅಕ್ಕಿಕಾಳು ಹಾಕಿ, "ಸುಖವಾಗಿ ಸಂಸಾರ ಮಾಡ್ರಿ" ಎಂದು ಹರಸಿದರು. ಆಮೇಲೆ ಪಕ್ಕದಲ್ಲಿದ್ದವರಿಗೆ, "ವರನ ವಯಸ್ಸು ಸ್ವಲ್ಪ ಜಾಸ್ತಿ ಆತು" ಎಂದು ಪಿಸುಗುಟ್ಟಿದರು. ಆಯಿ ಮಾತ್ರ ಎದುರಿಗೇ ಕುರ್ಚಿ ಹಾಕಿಸಿಕೊಂಡು ನನ್ನನ್ನು ಕಣ್ಣು ತುಂಬ ನೋಡುತ್ತ ಕುಳಿತಿದ್ದಳು.

ಕಮಲಾ ಈಗ ಆ ಮನೆಯಲ್ಲಿ ಸುಖವಾಗಿದ್ದಾಳೆ. ಸುಭಾಷ ಚಹಾ ಮಾಡುತ್ತಾನೆ. ಆ ಗೋಡೆಗೆ ಆಮೇಲೆ ಎಷ್ಟೋ ಸಲ ಸುಣ್ಣ ಹೊಡೆದರು, ನನ್ನ ಬೆನ್ನನ್ನು ಮಾತ್ರ ಆಯಿ ಬಿಡಿಸಿ ಹೊಡೆಸಿದಳಂತೆ. ಹಬ್ಬದ ದಿನ ಅದಕ್ಕೊಂದು ಹೂವನ್ನೂ ಏರಿಸುತ್ತಾರಂತೆ. ಈ ಸಂಬಂಧ ಕುದುರಿಸಿದವರು ಯಾರು ಎಂದು ಯಾರಾದರೂ ಕೇಳಿದರೆ ಎರಡೂ ಮನೆಯವರು ಸ್ವೆಟರಿನ ಹೆಸರು ಹೇಳುತ್ತಾರೆ. ಕಮಲಾ ಪಂಚಮಿಗೆ ತವರಿಗೆ ಬಂದು ಬಸ್ಸಿನಿಂದ ಇಳಿದ ಕೂಡಲೇ ಕೇಳುವ ಮೊದಲ ಮಾತು, "ಅಣ್ಣಾ, ಸ್ವೆಟರ್ ಹೆಂಗೈತಿ?"

"ಆರಾಮ ಐತೆವಾ. ನಿನ್ನ ಭಾಳ ನೆನಸತಿತ್ತು" ಎನ್ನುತ್ತೇನೆ ನಾನು, ಅವಳ ಗಂಟು ಹೊತ್ತುಕೊಂಡು.