ಮಾಸ್ತರ ಬಿಳಿ ಗಾಡಿಗೆ ಕಾದದ್ದು

ಕಾರು ಕೊಂಡವರು ಸುಮ್ಮನೆ ಕೂಡುವುದಿಲ್ಲ, ಅದರ ಬಗ್ಗೆ ಮಾತಾಡುತ್ತಲೇ ಇರುತ್ತಾರೆ. ಆ ಮಾತು ಕೇಳುತ್ತ ಸ್ಟೇರಿಂಗ್ ಹಿಡಿದವನಿಗೆ ವಾರಕ್ಕೊಂದು ಫಜೀತಿ ಆಗಿಯೇ ಆಗುತ್ತದೆ. ಸ್ಟೇರಿಂಗ್ ಹಿಡಿದವನು ನಾನು. ಊರು ಸಂಗೊಳ್ಳಿ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕು ತಾಲೂಕಿನೊಳಗೆ ಕಾರು ಇದ್ದು ಡ್ರೈವರ್ ಇಲ್ಲದ ಮನೆಯಲ್ಲಿ ಮದುವೆ ಬರಲಿ, ದವಾಖಾನೆ ಬರಲಿ, ಮೊದಲ ಫೋನು ನನಗೇ. ಇದು ಬಡಾಯಿ ಅಲ್ಲ. ಬೈಲಹೊಂಗಲದ ಬಜಾರದಲ್ಲಿ ಸಂತೆಯ ದಿನ, ಎರಡೂ ಕಡೆ ಉಳ್ಳಾಗಡ್ಡಿ ಬುಟ್ಟಿ, ನಡುವೆ ಗೇಣು ಜಾಗ. ಒಂದೇ ಒಂದು ಉಳ್ಳಾಗಡ್ಡಿ ಉರುಳಿಸದೆ ರಿವರ್ಸ್ ತೆಗೆದಿದ್ದೇನೆ. ಬುಟ್ಟಿ ಮುಂದಿಟ್ಟುಕೊಂಡ ಹೆಣ್ಣುಮಕ್ಕಳು ಮಾರುವುದನ್ನು ಬಿಟ್ಟು ನೋಡಿದರು.

ಇಷ್ಟು ದೊಡ್ಡ ಡ್ರೈವರಿಗೆ ಸ್ವಂತದ್ದೊಂದು ಗಾಡಿ ಇಲ್ಲ. ಹಾಗಂತ ಯಾವುದೋ ಒಂದು ಸಿಕ್ಕರೆ ಸಾಕು ಅನ್ನುವವನೂ ನಾನಲ್ಲ. ನನಗೆ ಬೇಕಾದದ್ದು ಒಂದೇ, ನಮ್ಮೂರ ಮಾಸ್ತರ ಬಿಳಿ ಗಾಡಿ. ಮಾಸ್ತರು ಹೈಸ್ಕೂಲಿನಿಂದ ರಿಟೈರ್ ಆಗಿ ಊರಾಚೆ ಹೊಲದ ಮನೆಯಲ್ಲಿ ಇದ್ದಾರೆ. ಗಾಡಿ ಹಳೆಯದು, ಜೀಪಿನಷ್ಟು ಎತ್ತರ, ಕಬ್ಬಿಣದ ಮೈ. ನಾನು ಗಾಡಿ ಹೊಡೆಯಲು ಕಲಿತದ್ದು ಅದರಲ್ಲಿ. ಮುಂದಿನ ಬಂಪರಿನ ಮೇಲೆ ಇರುವ ತಗ್ಗು ನಾನು ಬದುವಿಗೆ ಹಾಯಿಸಿ ಮಾಡಿದ್ದು; ಅದು ಗಾಡಿಯ ಮೇಲೆ ನನ್ನ ಸಹಿ. "ಮಾರೂದಾದ್ರ ನಿನ್ನ ಕಿವಿಗೆ ಮೊದಲ ಹಾಕತೇನಿ" ಎಂದು ಮಾಸ್ತರು ಹೇಳಿ ಆರು ವರ್ಷವಾಗಿತ್ತು. ಆರು ವರ್ಷ ನಾನು ಮಂದಿಯ ಗಾಡಿ ಹೊಡೆಯುತ್ತ ಅದರ ದಾರಿ ಕಾದೆ.

೧. ಚಹಾದ ಕಪ್ಪು

ನನ್ನ ಖಾಯಂ ಗಿರಾಕಿ ಬೈಲಹೊಂಗಲದ ಹತ್ತಿ-ಅರಳೆ ವ್ಯಾಪಾರದ ಸಾವಕಾರರು. ಅವರದು ಒಂದೇ ಕಂಪನಿ. ಮೂರು ವರ್ಷಕ್ಕೊಮ್ಮೆ ಅದೇ ಕಂಪನಿಯ ಹೊಸ ಕಾರು ತರುತ್ತಾರೆ, "ನಮ್ಮ ಕಂಪನಿ" ಎನ್ನುತ್ತಾರೆ, ಕೇಳಿದವರಿಗೆ ಕಾರ್ಖಾನೆಯೇ ಇವರದು ಅನ್ನಿಸಬೇಕು. ಮಾಸ್ತರ ಗಾಡಿ ಬೇರೆ ಕಂಪನಿಯದು. ಇಬ್ಬರೂ ಹಳೇ ಗೆಳೆಯರು. ಚಹಾದ ಅಂಗಡಿಯಲ್ಲಿ ಕೂತರೆ ಮಳೆ ಬೆಳೆ ಎಲ್ಲ ಬಿಟ್ಟು ಇದೊಂದೇ ಜಗಳ.

"ಮಾಸ್ತರ್ರ, ನಿಮ್ಮ ಗಾಡಿ ಲಾರಿ ಆಗಬೇಕಂತ ಹೊಂಟಿತ್ತರಿ. ಹಾದಿಯಾಗ ಬ್ಯಾಸತ್ತು ಕಾರ್ ಆಗೇತಿ" ಎಂದು ಸಾವಕಾರರು.

"ನಿಮ್ಮದು ಡಬ್ಬಿ. ಜರಾ ಒತ್ತಿದ್ರ ಮುಚ್ಚಳ ಬಿಚ್ಚತೈತಿ" ಎಂದು ಮಾಸ್ತರು.

ಹೋದ ವರ್ಷ ಸಾವಕಾರರು ತಂದ ಕಾರು ಭಾರಿ ಶಾಣ್ಯಾ. ಮುಂದೆ ದೊಡ್ಡ ಪರದೆ, ನಾಲ್ಕೂ ಕಡೆ ಕ್ಯಾಮರಾ. ಮೊದಲ ಸಲ ದೂರ ಹೊರಟಿದ್ದೆವು, ಕಿತ್ತೂರಿನ ದಾರಿ. ಸ್ವಲ್ಪ ಹೋಗುವುದರೊಳಗೆ ಕಾರು ಟಿಂಗ್ ಎಂದಿತು. ಪರದೆಯ ಮೇಲೆ ಒಂದು ಚಹಾದ ಕಪ್ಪು, ಮೇಲೆ ಹಬೆ, ಕೆಳಗೆ ಇಂಗ್ಲಿಷಿನಲ್ಲಿ ಏನೋ ಬರಹ. ಇಂಗ್ಲಿಷು ನಮ್ಮಿಬ್ಬರಿಗೂ ದೂರ. ಸಾವಕಾರರು ಮಾತ್ರ ಕೈಯೆತ್ತಿ ಮುಗಿಯುವುದೊಂದು ಬಾಕಿ. ನೋಡಲೇ, ಮನುಷ್ಯಾಗ ಯಾವ ಹೊತ್ತಿಗೆ ಚಹಾ ಬೇಕಂತ ನಮ್ಮ ಕಂಪನಿಗೆ ತಿಳೀತೈತಿ ಎಂದು ಗಾಡಿ ನಿಲ್ಲಿಸಲು ಹೇಳಿದರು. ಕುಡಿದೆವು. ಹೊರಟೆವು. ಮತ್ತೆ ಟಿಂಗ್. ಮತ್ತೆ ಕುಡಿದೆವು. ಕಿತ್ತೂರು ಮುಟ್ಟುವಷ್ಟರಲ್ಲಿ ಮೂರು ಕಪ್ಪು ಚಹಾ ಹೊಟ್ಟೆಯಲ್ಲಿತ್ತು.

ಕಿತ್ತೂರಿನಲ್ಲಿ ಕೆಲಸವಿದ್ದ ಮಾಸ್ತರು ವಾಪಸ್ ಬರುವಾಗ ನಮ್ಮ ಜೊತೆ ಕೂತರು. ಟಿಂಗ್ ಆದ ಕೂಡಲೇ ಸಾವಕಾರರು ಮೀಸೆಯಡಿ ನಗುತ್ತ, ಈಗ ಬರ್ರಿ ಮಾಸ್ತರ್ರ, ಗಾಡಿ ಕರದೇತಿ ಅಂದರು. ಮಾಸ್ತರು ಚಷ್ಮಾ ಏರಿಸಿ ಪರದೆ ಓದಿದರು. ಎಸ್ಸೆಸ್ಸೆಲ್ಸಿ ರಿಸಲ್ಟು ಹೇಳುವ ದನಿಯಲ್ಲಿ, "ಡ್ರೈವರಗ ನಿದ್ದಿ ಬರಾಕತ್ತೇತಿ, ಇಳಿದು ವಿಶ್ರಾಂತಿ ತಗೊಳ್ಳಿ ಅಂತ ಬರದೇತಿ" ಅಂದರು.

ನನಗೆ ಮೈಯೆಲ್ಲ ಉರಿಯಿತು. ತಗ್ಗು ತಪ್ಪಿಸುತ್ತ, ಎಡಕ್ಕೆ ಬಲಕ್ಕೆ ಹೊರಳಿಸಿ, ಕುಳಿತವರ ಎಲೆಯಡಿಕೆಯೂ ಅಲುಗದ ಹಾಗೆ ನಾನು ಗಾಡಿ ಹೊಡೆಯುತ್ತೇನೆ. ನಾಲ್ಕು ತಾಲೂಕು ಮೆಚ್ಚಿದ ಆ ಕಲೆಯನ್ನು ಈ ಕಾರು ತೂಕಡಿಕೆ ಅಂತ ತಿಳಿದಿತ್ತು. ಮಾಸ್ತರ ಗಾಡಿ ಎಂದಾದರೂ ನನಗೆ ಹೀಗೆ ಅಂದಿದೆಯೇ?

ಇಷ್ಟಾದರೂ ಸಾವಕಾರರು ಕಂಪನಿಯ ಮೇಲೆ ಒಂದು ಮಾತು ಬರಗೊಡಲಿಲ್ಲ. ಈಗಲೂ ದಾರಿಯಲ್ಲಿ ಅವರಿಗೆ ಚಹಾ ನೆನಪಾದರೆ ಹಿಂದಿನಿಂದ ನನ್ನ ಭುಜ ಮುಟ್ಟಿ ಮೆಲ್ಲಗೆ ಹೇಳುತ್ತಾರೆ: "ತಮ್ಮಾ, ಜರಾ ತೂಕಡಿಸಿದಂಗ ಹೊಡಿ."

೨. ಮೊಣಕಾಲು

ದೊಡವಾಡಕ್ಕೆ ಕನ್ಯಾ ನೋಡಲು ಹೋಗಬೇಕಿತ್ತು, ನನಗೇ. ಬಸ್ಸಿನಲ್ಲಿ ಹೋಗಲು ನನ್ನ ಮರ್ಯಾದೆ ಒಪ್ಪಲಿಲ್ಲ. ಮಾಸ್ತರ ಗಾಡಿ ಅವತ್ತು ಗ್ಯಾರೇಜಿನಲ್ಲಿ. ಸಾವಕಾರರನ್ನು ಕೇಳಿದೆ. ಕೊಟ್ಟರು, ಒಂದು ಕರಾರಿನ ಮೇಲೆ: ಡ್ರೈವರ್ ಸೀಟು ಹಿಂದೆ ಮುಂದೆ ಸರಿಸಬಾರದು. ಸಾವಕಾರರು ಗಿಡ್ಡ. ಊರೊಳಗೆ ತಾವೇ ಹೊಡೆಯುತ್ತಾರೆ, ಸೀಟು ಒಂದು ಹಲ್ಲು ಆಚೀಚೆಯಾದರೂ ಅವರ ಕಾಲು ಬ್ರೇಕಿಗೆ ಮುಟ್ಟುವುದಿಲ್ಲ. ನಾನು ಆರಡಿ ಗಂಡು. ಗುರುತಿಗೆ ಅವರು ಸೀಟಿನ ಕೆಳಗೆ ದಾರ ಬೇರೆ ಕಟ್ಟಿದ್ದರು.

ಹುಡುಗಿಯ ಅಪ್ಪನೂ ಸಾವಕಾರರ ಕಂಪನಿಯ ಭಕ್ತರೇ ಎಂದು ಅಂಗಳದಲ್ಲೇ ತಿಳಿಯಿತು. ನಮಸ್ಕಾರ ಅರ್ಧ ನನಗೆ, ಅರ್ಧ ಕಾರಿಗೆ. ಒಳಗೆ ಅವಲಕ್ಕಿ ಆರಿತು, ನನ್ನ ಜೊತೆ ಬಂದ ಅವ್ವ ಸೆರಗು ಸರಿಮಾಡಿ ಸರಿಮಾಡಿ ಸಾಕಾದಳು; ಹೊರಗೆ ಇವರು ಡಿಕ್ಕಿ ತೆಗೆಸಿ, ಬಾನೆಟ್ ಎತ್ತಿಸಿ, ಪಿಕಪ್ ಹೆಂಗ, ಎಸಿ ಹಿಂದಿನ ಸೀಟಿಗೆ ಮುಟ್ಟತೈತೇನು ಎಂದು ಕೇಳುತ್ತಲೇ ಇದ್ದರು. ನಾನು ಕಂಪನಿ ಎಂಜಿನಿಯರನ ಗತ್ತಿನಲ್ಲಿ ಹೇಳಿದೆ. ಗಾಡಿ ನನ್ನದು ಅಂತ ಒಂದು ಸಲವೂ ಹೇಳಲಿಲ್ಲ. ನನ್ನದಲ್ಲ ಅಂತಲೂ ಹೇಳಲಿಲ್ಲ.

ಕಡೆಗೆ ಹಿರಿಯರು ನಮ್ಮಿಬ್ಬರನ್ನು ಮಾತಾಡಲು ಬಿಟ್ಟರು. ಹುಡುಗಿ ನೇರ ನೋಡಿ, ಗಾಡಿ ಯಾರದು ಎಂದಳು. ಯಾಕೆ ಹಾಗೆ ಕೇಳುತ್ತೀ ಎಂದೆ.

"ನಿಮ್ಮದಾಗಿದ್ರ ಸೀಟ್ ಹಿಂದ ಸರಿತಿತ್ತರಿ. ಓಣಿಯಾಗ ಬರೂವಾಗ ಕಿಡಕ್ಯಾಗಿಂದ ನೋಡಿದೆ. ಮೊಣಕಾಲು ಗದ್ದಕ್ಕ ಹತ್ತಿದ್ವು."

ಮಾತಿನಲ್ಲಿ ನನ್ನನ್ನು ಸೋಲಿಸಿದವರು ಈ ನಾಲ್ಕು ತಾಲೂಕಿನಲ್ಲಿ ಯಾರೂ ಇರಲಿಲ್ಲ, ಅವತ್ತಿನ ತನಕ. ಸಾವಕಾರರದು ಎಂದು ಒಪ್ಪಿಕೊಂಡೆ. ಆಕೆ ನಗಲಿಲ್ಲ, ನಕ್ಕಿದ್ದರೆ ಚೆನ್ನಾಗಿತ್ತು. ವಾಪಸ್ ಬರುವಾಗ ಅವ್ವ, ಹುಡುಗಿ ಶಾಣ್ಯಾ ಅದಾಳ ಅಂದಳು. ನಾನು ಮೊಣಕಾಲುಗಳ ನಡುವೆ ಸ್ಟೇರಿಂಗ್ ತಿರುವುತ್ತ, ಮಾಸ್ತರ ಗಾಡಿಯಲ್ಲಿ ಕಾಲು ಚಾಚಿ ಈ ಓಣಿಗೆ ಬಂದಿದ್ದರೆ ಎಂದು ಯೋಚಿಸುತ್ತಿದ್ದೆ.

ನಾಲ್ಕು ದಿನಕ್ಕೆ ಹುಡುಗಿಯ ಅಪ್ಪನ ಫೋನು ಬಂತು. ಮೊದಲ ರಿಂಗಿಗೇ ಎತ್ತಿದೆ. ಅವರು ಆರಾಮೇನು ಎಂದು ಕೇಳಿದರು, ಅವ್ವನ ಬಗ್ಗೆ ಕೇಳಿದರು, ಸ್ವಲ್ಪ ಕೆಮ್ಮಿದರು. ಆಮೇಲೆ ಕೇಳಿದರು: "ಅಲ್ರಿ, ಆ ಗಾಡಿ ಬೂದು ಬಣ್ಣದಾಗ ಸಿಗತೈತೇನ್ರಿ?"

೩. ರಾಮದುರ್ಗದ ಗಿರಾಕಿ

ಮಾಸ್ತರ ಕಣ್ಣಿಗೆ ಪೊರೆ ಬಂತು. ಇನ್ನು ಗಾಡಿ ಮುಟ್ಟಬೇಡಿ ಎಂದರು ಡಾಕ್ಟರು. ಮಾಸ್ತರು ಮಾತಿನ ಮನುಷ್ಯ, ಮಾರುವ ಸುದ್ದಿಯನ್ನು ಮೊದಲು ನನ್ನ ಕಿವಿಗೇ ಹಾಕಿದರು. ಸುಗ್ಗಿ ತನಕ ತಡೀರಿ, ರೊಕ್ಕ ಕೈಗೆ ಬರತೈತಿ ಅಂದೆ. ಅವರು ತಡೆಯುತ್ತಿದ್ದರು. ಆದರೆ ದಲ್ಲಾಳಿಯೊಬ್ಬ ಗಾಳಿಯಲ್ಲಿ ಸುದ್ದಿ ಹಿಡಿದು ರಾಮದುರ್ಗದಿಂದ ಒಬ್ಬ ಸೀರೆ ವ್ಯಾಪಾರಿಯನ್ನು ಕರೆತಂದೇಬಿಟ್ಟ. ಬಂದವರನ್ನು ಹಾಗೇ ಕಳಿಸಬಾರದು ಎಂದು ಮಾಸ್ತರು, ಗಾಡಿ ತೋರಿಸುವ ಕೆಲಸ ನನಗೇ ಹಚ್ಚಿದರು.

ನಾನು ಒಂದು ಹಂಚಿಕೆ ಹಾಕಿದೆ. ಇದ್ದ ಐಬು, ಇಲ್ಲದ ಐಬು ಎಲ್ಲ ಹೇಳಿ ಗಿರಾಕಿ ರಾಮದುರ್ಗ ಮುಟ್ಟುವ ತನಕ ಹಿಂದೆ ನೋಡದ ಹಾಗೆ ಮಾಡುವುದು. ಸುರುವೂ ಮಾಡಿದೆ. ಹಳೇದಾಗಿದೆ ನೋಡ್ರಿ ಎಂದೆ. ಆತ ಹೂಂ ಅಂದ. ಚಾಲೂ ಮಾಡಿದೆ. ಆತ ಕಿವಿಗೆ ಕೈ ಹಿಡಿದು, ಇದೇನು ಹಿಟ್ಟಿನ ಗಿರಣಿ ಇದ್ದಂಗ ಐತಲ್ಲ ಅಂದ.

ಅಷ್ಟೇ. ನನ್ನೊಳಗೆ ಯಾರೋ ಎದ್ದು ನಿಂತ ಹಾಗಾಯಿತು. ಗಿರಣಿಯೇ? ಕುಂಡರ್ರಿ ಒಳಗ ಎಂದೆ. ಉತ್ತ ಹೊಲದಲ್ಲಿ ಇಳಿಸಿದೆ, ಹಳ್ಳ ದಾಟಿಸಿದೆ, ಕಬ್ಬಿನ ಟ್ರೇಲರ್ ಹೂತು ನಿಂತ ಕೆಸರಿನಲ್ಲಿ ಅದರ ಪಕ್ಕದಿಂದಲೇ ಹಾಯಿಸಿಕೊಂಡು ಬಂದೆ. ಸವದತ್ತಿ ಗುಡ್ಡವನ್ನು ಹನ್ನೊಂದು ಮಂದಿ, ಎರಡು ಚೀಲ ಜೋಳ ಹೊತ್ತು ಮೂರನೇ ಗೇರಿನಲ್ಲಿ ಹತ್ತಿದ್ದು ಹೇಳಿದೆ. ನಡುವೆ ಉಸಿರು ಸಹ ತಗೊಳ್ಳಲಿಲ್ಲ. ಇಳಿದಾಗ ಆತನ ಮುಖ ದೇವರು ಕಂಡವರ ಹಾಗಿತ್ತು.

"ತಗೊಂಡೆ" ಅಂದ.

ನನ್ನ ನಾಲಿಗೆಯನ್ನು ಆ ಹಳ್ಳದಲ್ಲೇ ಬಿಟ್ಟು ಬರಬೇಕಿತ್ತು ಅನ್ನಿಸಿತು. ಬಂಪರಿನ ಮೇಲಿನ ನನ್ನ ತಗ್ಗನ್ನು ಒರೆಸುತ್ತ ನಿಂತೆ. ಆರು ವರ್ಷ ಕಾದದ್ದನ್ನು ಅರ್ಧ ತಾಸಿನಲ್ಲಿ ನಾನೇ ಮಾರಿದ್ದೆ, ಅದೂ ದಲ್ಲಾಳಿಗಿಂತ ಚೆನ್ನಾಗಿ.

ಆಗ ಮಾಸ್ತರು, ಗಾಡಿ ಎಲ್ಲಿ ನಿಲ್ಲಸ್ತೀರಿ ಎಂದು ಕೇಳಿದರು. ಮನೆ ಮುಂದೆ ಬೇವಿನ ಗಿಡ ಐತ್ರಿ, ಅದರ ನೆರಳಾಗ ಅಂದ ಆತ. ಗಿಡದಾಗ ಏನೈತಿ ಎಂದರು ಮಾಸ್ತರು. ಕಾಗಿ ಕುಂಡ್ರತಾವ್ರಿ, ಮತ್ತೇನು. ಮಾಸ್ತರು ತಲೆ ಅಲ್ಲಾಡಿಸಿದರು. ಕಾಗೆಯ ಕೆಳಗೆ ನಿಲ್ಲಿಸುವುದಕ್ಕೆ ಈ ಗಾಡಿ ಕೊಡಲು ಬರುವುದಿಲ್ಲ. ಗಿರಾಕಿ ಪೂರ್ತಿ ಮನಸೋತಿದ್ದ. ಅಷ್ಟೇ ಏನ್ರಿ ಮಾಸ್ತರ್ರ, ನಾಳೇನ ಗಿಡ ಕಡಿಸಿಬಿಡತೇನಿ ಅಂದ.

ಮಾಸ್ತರು ಎದ್ದು ಚಪ್ಪಲಿ ಮೆಟ್ಟಿಕೊಂಡರು. "ಕಾಗಿಗಾದ್ರೂ ಕೊಟ್ಟೇನು, ಗಿಡ ಕಡಿಯೂ ಮನಿಷ್ಯಾಗ ಕೊಡೂದಿಲ್ಲ."

೪. ಹಗ್ಗ

ಸುಗ್ಗಿ ಮುಗಿಯಿತು. ಮಾತು ಮುಗಿಯಿತು, ದಿನ ಗೊತ್ತಾಯಿತು. ಗಾಡಿ ನನ್ನದಾಗುವ ದಿನ. ಸಂಜೆ ಊರಬಾಗಿಲ ಅಗಸಿಯಲ್ಲಿ ನಿಂತಿರ್ರಿ, ನಾನು ಬರುವ ಸಪ್ಪಳಕ್ಕೆ ಗುಬ್ಬಿ ಹಾರಬೇಕು ಎಂದು ಊರಿಗೆಲ್ಲ ಹೇಳಿದ್ದೆ. ಇಸ್ತ್ರಿ ಅಂಗಿ, ಹೂವಿನ ಹಾರ, ನಿಂಬೆಹಣ್ಣು, ಕಾಯಿ. ನಾನು, ಅವ್ವ ಹೊಲದ ಮನೆಗೆ ಹೋದೆವು. ಊರಿಗೂ ಅಲ್ಲಿಗೂ ಎರಡು ಕಿಲೋಮೀಟರ್.

ಮಾಸ್ತರು ಕಾಗದಕ್ಕೆ ಸಹಿ ಹಾಕಿ ಕೀಲಿಯನ್ನು ನನ್ನ ಕೈಗೆ ಕೊಡಲು ಬಂದರು. ಕಟ್ಟೆಯ ಮೇಲೆ ಕೂತಿದ್ದ ಅವರ ತಾಯಿ ತಡೆ ಎಂದರು. ನಮಗೆಲ್ಲ ಅವರು ಆಯಿ. ಒಂದು ಕಾಲಕ್ಕೆ ನಾಲ್ಕು ಜೋಡಿ ಎತ್ತಿನ ಕಮತ ನೋಡಿದವರು.

"ನಿನ್ನ ಹಗ್ಗ ತಂದೀಯೇನ?" ಎಂದರು.

ಯಾವ ಹಗ್ಗ ಎಂದೆ. ಆಯಿ ಗೋಡೆಯ ಗೂಟ ತೋರಿಸಿದರು. ಅಲ್ಲಿ ಹಳೇ ಹಗ್ಗಗಳು ಸಾಲಾಗಿ ತೂಗುತ್ತಿದ್ದವು, ಒಂದೊಂದು ಒಂದೊಂದು ಎತ್ತಿನದು. ಈ ಮನೆಯಿಂದ ಎತ್ತು ಹೋಗಿದೆ, ಆಕಳು ಹೋಗಿದೆ, ಹಗ್ಗ ಹೋಗಿಲ್ಲ. ಹಗ್ಗ ಕೊಟ್ಟರೆ ಅದರ ಹಿಂದೆ ಮನೆಯ ಲಕ್ಷ್ಮಿಯೂ ಹೊರಡುತ್ತಾಳೆ. ಕೊಂಡವರು ತಮ್ಮ ಹಗ್ಗ ತಂದು ಕಟ್ಟಿಕೊಂಡು ಹೋಗುವುದು ಪದ್ಧತಿ. ಇದು ನನಗೂ ಗೊತ್ತಿದ್ದದ್ದೇ, ನಮ್ಮ ಮನೆಯಲ್ಲೂ ಹಾಗೇ. ಆದರೆ ಗಾಡಿಗೆ?

ಮಾಸ್ತರು, "ಅವ್ವಾ, ಇದಕ್ಕ ಹಗ್ಗ ಇರೂದಿಲ್ಲ" ಅಂದರು.

"ಹಗ್ಗ ಇಲ್ದ ಹೆಂಗ ಏಳತಿತ್ತು? ಇಷ್ಟ ವರ್ಷ ಏನ್ ಹಿಡಕೊಂಡು ಎಬ್ಬಸ್ತಿದ್ದಿ ಇದನ್ನ?"

ಮಾಸ್ತರು ಮೂವತ್ತು ವರ್ಷ ಪಾಠ ಹೇಳಿದವರು, ಸುಳ್ಳು ಹೇಳಲು ಬರುವುದಿಲ್ಲ. ಕೈಯಲ್ಲಿದ್ದ ಕೀಲಿ ನೋಡಿದರು. ಆಯಿಯೂ ನೋಡಿದರು. ಎದ್ದು ಬಂದು, ಕೀಲಿ ಇಸಕೊಂಡು, ಎತ್ತುಗಳ ಹಗ್ಗದ ಪಕ್ಕದ ಗೂಟಕ್ಕೆ ನೇತುಹಾಕಿ ಕೈಮುಗಿದರು.

ಎರಡನೇ ಕೀಲಿ ಎಂದೋ ಬಾವಿಗೆ ಬಿದ್ದಿತ್ತು. ಹೊಸದು ಮಾಡಿಸಲು ಬೈಲಹೊಂಗಲದಿಂದ ಕೀಲಿ ಮಾಡುವವನು ಬರಬೇಕು, ಅವನು ಫೋನಿನಲ್ಲಿ ನಾಳೆ ಬರುತ್ತೇನೆ ಅಂದ. ನಾಳೆ ಒಯ್ಯುತ್ತೇನೆ ಎಂದರೆ ಆಯಿ ಅದಕ್ಕೂ ಒಪ್ಪಲಿಲ್ಲ. ಮಾರಿದ್ದು ಹೊತ್ತು ಮುಳುಗಿದ ಮೇಲೆ ಅಂಗಳದಲ್ಲಿ ಇರಬಾರದು. ವೈರು ಜೋಡಿಸಿ ಚಾಲೂ ಮಾಡುವುದು ನನಗೆ ಎಡಗೈ ಕೆಲಸ. ಆದರೆ ಆರು ವರ್ಷ ಕಾದ ಗಾಡಿಯನ್ನು ಮೊದಲ ದಿನವೇ ಕಳ್ಳನ ಹಾಗೆ ಎಬ್ಬಿಸಲೇ? ಅವ್ವನ ಮುಖ ನೋಡಿದೆ. ಅವ್ವ ಎಂದೋ ಆಯಿಯ ಕಡೆ ಸೇರಿಯಾಗಿತ್ತು. ಖರೇ ಐತಿ, ಹೊಸಾ ಹಗ್ಗ ತರತೇನಿ ಎಂದು ಹೋಗಿ, ಹಗ್ಗದ ಜೊತೆ ನಮ್ಮ ಎತ್ತಿನ ಜೋಡಿಯನ್ನೇ ಹೊಡೆದುಕೊಂಡು ಬಂದಳು.

ಸ್ಟೇರಿಂಗ್ ಲಾಕು ಕೆಟ್ಟು ವರ್ಷಗಳಾಗಿದ್ದದ್ದು ಪುಣ್ಯ. ನನ್ನ ತಗ್ಗಿನ ಬಂಪರಿಗೆ ಹೊಸ ಹಗ್ಗ ಬಿಗಿದೆವು. ಆಯಿ ಆರತಿ ಮಾಡಿ, ಬಾನೆಟ್ಟಿನ ಮೇಲೆ ಎತ್ತಿನ ಬೆನ್ನು ಸವರಿದ ಹಾಗೆ ಕೈಯಾಡಿಸಿದರು. ಮಾಸ್ತರು ಒಳಗೆ ಹೋದವರು ಹೊರಗೆ ಬರಲಿಲ್ಲ. ನಾನು ಗಾಡಿಯೊಳಗೆ ಕೂತು ಬಾಗಿಲು ಹಾಕಿದೆ. ಆರು ವರ್ಷ ಕಿವಿಯೊಳಗೆ ಕೇಳಿದ್ದ ಎಂಜಿನ್ ಸಪ್ಪಳ ಇಲ್ಲ, ಮುಂದೆ ಬರೀ ಗೆಜ್ಜೆ. ಆದರೂ ಸ್ಟೇರಿಂಗ್ ನನ್ನದು. ಅವ್ವ ಎತ್ತು ಹೊಡೆದ ಕಡೆ ಅದನ್ನು ಹೊರಳಿಸುತ್ತ ಹೋದೆ.

ಅಗಸಿಯಲ್ಲಿ ಇಡೀ ಊರು ನಿಂತಿತ್ತು, ನಾನೇ ಕರೆದದ್ದಲ್ಲವೇ. ಎಲ್ಲರಿಗಿಂತ ಮುಂದೆ, ತಮ್ಮ ಶಾಣ್ಯಾ ಕಾರಿನಲ್ಲಿ, ಬೈಲಹೊಂಗಲದಿಂದ ಇದನ್ನು ನೋಡಲೆಂದೇ ಬಂದ ಸಾವಕಾರರು. ನಮ್ಮ ಎತ್ತುಗಳು ಅವರ ಕಾರಿನ ಪಕ್ಕಕ್ಕೆ ಬಂದು ತಾವಾಗಿಯೇ ನಿಂತವು. ಸಾವಕಾರರು ಕಿಡಕಿಯ ಕಾಜು ಇಳಿಸಿದರು. ಎತ್ತು ನೋಡಿದರು, ಹಗ್ಗ ನೋಡಿದರು, ಹಾರ ಹಾಕಿದ ಗಾಡಿಯೊಳಗೆ ಸ್ಟೇರಿಂಗ್ ಹಿಡಿದ ನನ್ನನ್ನು ನೋಡಿದರು.

"ಏನಪಾ, ಎವರೇಜ್ ಎಷ್ಟ ಕೊಡತೈತಿ?" ಅಂದರು.

ನಾನೂ ಕಾಜು ಇಳಿಸಿದೆ. ಮಾಲೀಕನ ಹಾಗೆ ಮೊಣಕೈ ಹೊರಗೆ ಚಾಚಿದೆ.

"ಒಂದ ಸಿವುಡ ಮೇವಿಗೆ ಎರಡ ಕಿಲೋಮೀಟರ್ರಿ ಸಾವಕಾರ್ರ. ಮತ್ತ ಸೆಗಣಿ ಬ್ಯಾರೆ ಕೊಡತೈತಿ. ನಿಮ್ಮ ಕಂಪನಿದು ಕೊಡತೈತೇನ್ರಿ?"