ಗುಂಡಿ ಮಗ್ಗಕ್ಕೆ ಬಂದ ಅಲ್ಪಾಕ

ಒಂದು ಒಗಟು ಹೇಳ್ತೀನಿ. ಕಾಲು ಗುಂಡಿಯೊಳಗೆ, ಕೈ ಹುಣಸೆಬೀಜದ ಗಂಜಿಯೊಳಗೆ, ಮೀಸೆ ಮೇಲೆ ಪೆರು ದೇಶದ ಕೂದಲು. ಯಾರು?

ತಲೆ ಕೆರ್ಕೋಬೇಡಿ, ನಿಮಗೆ ಗೊತ್ತಾಗಲ್ಲ. ನಮ್ಮ ದೊಡ್ಡಪ್ಪ. ಗೌಡಗೆರೆ ಕಡೆ ಬಂದು ನಮ್ಮನೆ ಪಡಸಾಲೆಗೆ ಇಣುಕಿದ್ರೆ ತಾನೇ ಗೊತ್ತಾಗೋದು! ಕಂಬಳಿ ನೇಯೋ ಮನೆಯಲ್ಲಿ ಇಂಥದ್ದು ವಾರಕ್ಕೊಂದು ಆಗದಿದ್ರೆ ನಮಗೇ ಬೇಜಾರು. ಹತ್ತನೇ ಕ್ಲಾಸಿನ ಗಣಿತಕ್ಕೆ ಕೈಮುಗಿದು ಬಂದ ಮೇಲೆ ನಾನು ಅಲ್ಲೇ ನೂಲು ಸುತ್ತುತಾ ಕೂತಿರ್ತೀನಿ. ಹಾಗಾಗಿ ಯಾವುದೂ ನನ್ನ ಕಣ್ಣು ತಪ್ಪಲ್ಲ.

೧. ಕಾಲಿಡೋ ಜಾಗ

ನಮ್ಮದು ಗುಂಡಿ ಮಗ್ಗ. ನೇಯೋನು ಗುಂಡಿಗೆ ಕಾಲು ಇಳಿಬಿಟ್ಟು ಕೂತು, ಒಳಗಿರೋ ಹಲಗೆ ತುಳೀಬೇಕು. ಕಂಬಳಿ ಕೇಳೋರೇ ಇಲ್ಲದೆ ಆರು ತಿಂಗಳಿಂದ ಆ ಗುಂಡಿಯಲ್ಲಿ ನಮ್ಮನೆ ಬೆಕ್ಕು ಸಂಸಾರ ಹೂಡಿತ್ತು. ಅಷ್ಟರಲ್ಲಿ ಬೆಂಗಳೂರಿನ ಬಟ್ಟೆ ಅಂಗಡಿ ಮೇಡಂ ಒಬ್ಬರು ಒಂದೇ ಕಂಬಳಿಗೆ ಆಗೋಷ್ಟು ನೂಲು ಕಳಿಸಿದರು. ಕುರಿ ಉಣ್ಣೆ ಅಲ್ಲ, ಅಲ್ಪಾಕದ್ದು. ಮೊಬೈಲಲ್ಲಿ ಫೋಟೋ ತೋರಿಸಿದೆ. ಒಂಟೆ ಕತ್ತು, ಕುರಿ ಮೈ, ಚಿಲ್ಲರೆ ಕೊಡದ ಕಂಡಕ್ಟರ್ ಮುಖ.

ದೊಡ್ಡಮ್ಮ ಅಲ್ಲೇ ತೀರ್ಪು ಕೊಟ್ಟಳು. "ಇದೊಂದು ನೇಯಿ. ಚೆಂದಾಗ್ ಬಂದ್ರೆ ಸರಿ. ಕೆಟ್ರೆ ಗುಂಡಿ ಮುಚ್ಸಿ ವಾಷಿಂಗ್ ಮೆಷೀನ್ ಇಟ್ಬುಡ್ತೀನಿ."

"ಆಮೇಲೆ ನನ್ ಕಾಲು ಎಲ್ಲಿ ಇಟ್ಕಳ್ಲಿ?" ಅಂದ ದೊಡ್ಡಪ್ಪ.

"ಮೆಷೀನ್ ಒಳಕ್ಕಿಡು. ಒಗೆದು ಎಷ್ಟು ದಿನ ಆಯ್ತೋ!"

೨. ಬೆರಳಲ್ಲೇ ಜಾತಕ

ಸಿರಾದಿಂದ ಉಣ್ಣೆ ವ್ಯಾಪಾರದ ಸಾಬರು ಒಬ್ಬರು ಬರ್ತಾರೆ. ಉಣ್ಣೆ ಮುಟ್ಟಿದರೆ ಸಾಕು, ಕುರಿಯ ಜಾತಕ ಹೇಳ್ತಾರೆ. ನಿಡುಗಲ್ ಬೆಟ್ಟದ ಕುರಿಯೋ ಮಧುಗಿರಿ ಕಡೆದೋ, ಬಿಸಿಲಲ್ಲಿ ಮೇಯ್ದಿದ್ದೋ ನೆರಳಲ್ಲೋ, ಎಲ್ಲ. ನನಗೆ ಕೈ ಕಡೀತು. ಕಣ್ಣು ಮುಚ್ಚಿ ಅಂತ ಹೇಳಿ ಅಲ್ಪಾಕದ ಎಳೆ ಒಂದನ್ನ ಅವರ ಅಂಗೈಗೆ ಇಟ್ಟೆ.

ಸಾಬರು ತಿಕ್ಕಿದರು, ಮೂಸಿದರು, ಕೆನ್ನೆಗೆ ಸವರಿಕೊಂಡರು. "ಮರಿದು ಬೇಟಾ. ಮೊದಲನೇ ಸಲ ಕತ್ತರಿಸಿದ್ದು. ತಂಪು ಜಾಗ, ಎತ್ತರದ ಬೆಟ್ಟ. ಹಸಿ ಮುಳ್ಳು ಒಂದೂ ತಾಗಿಲ್ಲ. ನಮ್ಮ ತಾಲ್ಲೂಕಿಂದಲ್ಲ ಇದು."

ನೂಲಿನ ಚೀಟಿ ಓದಿದೆ. ಮರಿ ಅಲ್ಪಾಕ, ಪೆರು ದೇಶದ ಎತ್ತರದ ಬೆಟ್ಟ. ಗೇಲಿ ಮಾಡೋಕೆ ತೆರೆದ ಬಾಯಿ ಹಾಗೇ ನಿಂತಿತು. ಆದರೂ ಸೋಲಬಾರದು ಅಂತ ಫೋಟೋ ಹಿಡಿದೆ. "ಕುರಿನೇ ಅಲ್ಲ ನೋಡಿ ಸಾಬ್ರೆ!"

ಸಾಬರು ಫೋಟೋ ನೋಡಿದರು, ನನ್ನನ್ನ ನೋಡಿದರು. "ಕುರಿ ಅಂತ ನಾನೆಲ್ಲಿ ಅಂದೆ? ಈ ಮನೇಲಿ ಇರೋ ಕುರಿ ಒಂದೇ, ಅದು ನನ್ನ ಮುಂದೆ ನಿಂತಿದೆ."

೩. ಬಂದೋರು ಯಾರು?

ಗಂಜಿ ಹಾಕಬೇಡಿ, ಮೆತ್ತಗಿರಬೇಕು ಅಂತ ಮೇಡಂ ಫೋನಲ್ಲಿ ಹೇಳಿದ್ದರು. ದೊಡ್ಡಪ್ಪ ಒಂದು ದಿನ ಹಾಗೇ ನೇಯ್ದು ನೋಡಿದ. ಎಳೆ ಪಟಪಟ ಹರೀತು. "ಗಂಜಿ ಕುಡೀದೆ ನಾನೇ ನಿಲ್ಲಾಕಿಲ್ಲ, ಇದೆಂಗಲೇ ನಿಂತದು?" ಅಂತ ಹುಣಸೆಬೀಜ ಅರೆಸಿ, ಬೇಯಿಸಿ, ಎಳೆ ಎಳೆಗೂ ಹಚ್ಚಿದ. ಆಮೇಲೆ ಹನ್ನೆರಡು ದಿನ ಒಂದೂ ಎಳೆ ಹರೀಲಿಲ್ಲ. ಅಂಚು ನೋಡಿದ್ರೆ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ. ನನ್ನ ಗಣಿತದ ಮೇಷ್ಟ್ರೂ ಅಂಥ ಗೆರೆ ಎಳೆದಿದ್ದು ನಾನು ಕಂಡಿಲ್ಲ.

ಆದರೆ ಕಂಬಳಿ ಬಾಗಿಲಿನ ಹಾಗೆ ಬಿರುಸಾಗಿತ್ತು. ಸುರುಳಿ ಸುತ್ತಿ ನಿಲ್ಲಿಸಿದರೆ ತಾನಾಗೇ ನಿಲ್ತಿತ್ತು. ನಾನು ಅದರ ಮೇಲೆ ದೊಡ್ಡಪ್ಪನ ರುಮಾಲು ಇಟ್ಟು, "ದೊಡ್ಡಮ್ಮಾ, ಯಾರೋ ಬಂದವ್ರೆ!" ಅಂದೆ.

ಕನ್ನಡಕ ಹಾಕದ ದೊಡ್ಡಮ್ಮ ಟೀ ಲೋಟ ಹಿಡಿದು ಬಂದಳು. "ನಿಂತೇ ಇದೀರಲ್ಲ, ಕೂತ್ಕಳಿ ಅಣ್ಣ."

ಅಣ್ಣ ಕೂರಲಿಲ್ಲ. ಹತ್ತಿರ ಹೋಗಿ ಮುಟ್ಟಿ ನೋಡಿದವಳೇ ನನ್ನ ಕಿವಿ ಹಿಂಡಿ, ಆ ಕೈಯಲ್ಲೇ ಟ್ರ್ಯಾಕ್ಟರಿನವನಿಗೆ ಫೋನ್ ಮಾಡಿದಳು. "ನಾಳಿಕ್ಕೆ ಒಂದು ಲೋಡ್ ಮಣ್ಣು ತತ್ತಾ. ಗುಂಡಿ ಮುಚ್ಬೇಕು."

೪. ಒಂದು ಬೀಡಿ ಹೊತ್ತು

ದೊಡ್ಡಪ್ಪ ಆಗಲೂ ಸೋಲಲಿಲ್ಲ. ನಮ್ಮಲ್ಲಿ ಒಂದು ಪದ್ಧತಿ. ಹೊಸ ಕಂಬಳಿಯ ನಾಲ್ಕು ಮೂಲೆ ನಾಲ್ಕು ಜನ ಹಿಡೀಬೇಕು, ನಡುವೆ ಒಂದು ಬಿಂದಿಗೆ ನೀರು ಸುರೀಬೇಕು. ಒಂದು ಬೀಡಿ ಸೇದಿ ಮುಗಿಯೋವರೆಗೂ ನೀರು ತೊಟ್ಟಿಕ್ಕದಿದ್ರೆ ಅದು ಕಂಬಳಿ. ತೊಟ್ಟಿಕ್ಕಿದ್ರೆ ಜರಡಿ.

ಬೆಳಗ್ಗೆ ಅಂಗಳದಲ್ಲಿ ಸುರಿದ್ವಿ. ಬೆಂಕಿಕಡ್ಡಿ ಗೀರೋಕೆ ಮುಂಚೆಯೇ ಬಿಂದಿಗೆಯಷ್ಟೂ ನೀರು ದೊಡ್ಡಪ್ಪನ ಪಾದದ ಮೇಲಿತ್ತು. ಬೀಡಿಯನ್ನ ವಾಪಸ್ ಕಿವಿಗೆ ಸಿಕ್ಕಿಸಿಕೊಂಡು, ಒಳಗೆ ಹೋಗಿ ಗುಂಡಿಗೆ ಕಾಲು ಬಿಟ್ಟು ಕೂತ. ಆವತ್ತೊಂದು ದಿನ ನನಗೂ ಜೋಕು ಹೊಳೀಲಿಲ್ಲ. ಗಂಜಿ ಬಿಟ್ಟು ಲೊಳಲೊಳ ಅಂತಿದ್ದ ಕಂಬಳಿನ ನಾಲ್ಕೈದು ಬಿಂದಿಗೆ ನೀರಲ್ಲಿ ಜಾಲಿಸಿ ಬಿಸಿಲಿಗೆ ಹರವಿದೆ.

ಮಧ್ಯಾಹ್ನ ಎತ್ತಿಕೊಳ್ಳೋಕೆ ಹೋದ್ರೆ ಕೈ ಒಳಕ್ಕಿಳೀತು. ಬೆಕ್ಕಿನ ಹೊಟ್ಟೆಯಷ್ಟು ಮೆತ್ತಗೆ! ಗಂಜಿಯೆಲ್ಲ ನೀರಿಗೆ ಹೋಗಿ ಬರೀ ನೇಯ್ಗೆ ಉಳಿದಿತ್ತು, ಮೇಡಂ ಕೇಳಿದ್ದು ಹೆಂಗೋ ಹಂಗೇ. ದೊಡ್ಡಮ್ಮ ಬಂದು ಕಸಿದುಕೊಂಡಳು. ಆ ಕಡೆ ಈ ಕಡೆ ನೋಡಿ, ಯಾರೂ ಇಲ್ಲ ಅಂದ್ಕೊಂಡು, ಕೆನ್ನೆಗೆ ಒತ್ತಿಕೊಂಡಳು.

ಅಷ್ಟರಲ್ಲಿ ಮಣ್ಣಿನ ಟ್ರ್ಯಾಕ್ಟರ್ ಬಂತು. "ಎಲ್ಲಿಗ್ ಸುರಿಯಾನಮ್ಮ? ಗುಂಡಿಗಾ?"

"ಗುಂಡಿಲಿ ದೊಡ್ಡ ಕಲಾವಿದ ಕುಂತವ್ನೆ, ಕಾಣಾಕಿಲ್ವೇನ್ಲಾ?" ಅಂದಳು ದೊಡ್ಡಮ್ಮ.

ಈ ಕೊನೇ ಮಾತು ನಾನು ಕಟ್ಟಿದ್ದು. ದೊಡ್ಡಮ್ಮ ಅಂದಿದ್ದು "ಹಿತ್ತಲಿಗೆ ಸುರಿ" ಅಂತ ಅಷ್ಟೇ. ಆದರೆ ನಾನು ಬರೆದ ಈ ಕತೇನ ದೊಡ್ಡಪ್ಪ ನನ್ನ ಕೈಲೇ ಓದಿಸಿ ಕೇಳ್ತಾನೆ. ಅವನಿಗೋಸ್ಕರ ನಾನೇ ಸ್ವಲ್ಪ ಗಂಜಿ ಹಾಕಿದೀನಿ.