ಹಾಲ್ ಗೋಡೆಯ ತಲೆಬುರುಡೆ

ವೈರಾಗ್ಯ ಬರುವುದಕ್ಕೆ ಕಾಡಿಗೇ ಹೋಗಬೇಕೆಂದಿಲ್ಲ. ಆರೋಗ್ಯ ನೆಟ್ಟಗಿದ್ದರೆ ಸೋಫಾದ ಮೇಲೆ ಕೂತಲ್ಲಿಗೇ ಬರುತ್ತದೆ. ನನಗೆ ಬಂದದ್ದು ಹಾಗೆಯೇ. ರಿಟೈರ್ ಆಗಿ ಮೆಲ್ಬರ್ನಿನ ವಿಂಡಮ್ ವೇಲ್‌ನ ಹೊಸ ಮನೆಗೆ ಬಂದಮೇಲೆ, ಮಂಡಿನೋವು ಬಿಟ್ಟರೆ ಬೇರೆ ತಾಪತ್ರಯವಿಲ್ಲದ ಸುಖದಲ್ಲಿ, ಮಾತೆತ್ತಿದರೆ ‘ಎಲ್ಲ ನಶ್ವರ’ ಎನ್ನುವ ಚಟ ಅಂಟಿಕೊಂಡಿತು. ಸಾರಿಗೆ ಉಪ್ಪು ಕಡಿಮೆಯಾದರೂ ನಶ್ವರ, ಟ್ರೈನ್ ತಪ್ಪಿದರೂ ನಶ್ವರ. ನನ್ನ ಹೆಂಡತಿ ವಿಮಲಾ ಮೊದಮೊದಲು ‘ಹೂಂ’ ಎನ್ನುತ್ತಿದ್ದಳು, ಆಮೇಲೆ ಅದನ್ನೂ ನಿಲ್ಲಿಸಿದಳು.

ಈ ಚಟ ಗೋಡೆಗೆ ಏರಲು ದಾರಿಯಾದದ್ದು ಸಿಡ್ನಿಯಲ್ಲಿ. ಮಗಳು ಶ್ರುತಿ ಅಲ್ಲಿಯ ಚಾಟ್ಸ್‌ವುಡ್‌ನಲ್ಲಿ ಕೆಲಸ ಮಾಡುತ್ತಾಳೆ. ಅವಳ ಆಫೀಸಿನ ಹತ್ತಿರ, ಯುರೋಪಿನ ಹಳೆಯ ಚಿತ್ರಗಳನ್ನು ಎಣ್ಣೆಬಣ್ಣದಲ್ಲಿ ಕೈಯಿಂದಲೇ ನಕಲು ಬರೆದುಕೊಡುವ ಒಂದು ಅಂಗಡಿಯಿದೆ. ಹೊಸ ಮನೆಗೆ ಉಡುಗೊರೆ, ಬೇಕಾದ್ದು ಆರಿಸಿಕೊಳ್ಳಿ ಎಂದು ಕರೆದುಕೊಂಡು ಹೋದಳು. ಹೂದಾನಿಗಳಿದ್ದವು, ದೋಣಿಗಳಿದ್ದವು, ರೆಕ್ಕೆಯ ಮಕ್ಕಳಿದ್ದವು. ನಾನು ಅದೆಲ್ಲವನ್ನೂ ದಾಟಿ ಹೋಗಿ ಒಬ್ಬ ಮುದುಕನ ಮುಂದೆ ನಿಂತೆ. ಬೋಳುತಲೆ, ಬಿಳಿಗಡ್ಡ, ಮೇಜಿನ ಮೇಲೆ ಮರಳುಗಡಿಯಾರ, ಆರಿದ ಮೋಂಬತ್ತಿ. ಎಡಗೈ ಒಂದು ತಲೆಬುರುಡೆಯ ಮೇಲೆ. ಐನೂರು ವರ್ಷದ ಹಿಂದೆ ಅಲ್ಲಿಯ ಸಿರಿವಂತರು ಸಾವನ್ನು ಮರೆಯಬಾರದೆಂದು ಇಂಥವನ್ನು ಕೋಣೆಯಲ್ಲಿ ತೂಗುಹಾಕುತ್ತಿದ್ದರಂತೆ. ನಮ್ಮಲ್ಲಿ ಆ ಕೆಲಸವನ್ನು ನೆಂಟರ ಫೋನುಗಳೇ ಮಾಡುತ್ತವೆ. ಆದರೂ ಇದೇ ಬೇಕೆಂದೆ. ಶ್ರುತಿ ನನ್ನ ಮುಖ ನೋಡಿ “ಅಪ್ಪಾ, ಆರ್ ಯೂ ಓಕೆ?” ಎಂದಳು. ನಾನು ನಶ್ವರ ಎಂದೆ.

ಚಿತ್ರ ಮೆಲ್ಬರ್ನಿಗೆ ಬಂದು ಹಾಲ್ ಗೋಡೆ ಏರಿದ ದಿನ ವಿಮಲಾ ಅದನ್ನು ಬಹಳ ಹೊತ್ತು ನೋಡಿದಳು. ಜಗಳವಾಡುತ್ತಾಳೆಂದು ನಾನು ಉತ್ತರಗಳನ್ನೆಲ್ಲ ಜೋಡಿಸಿಟ್ಟುಕೊಂಡಿದ್ದೆ. ಅವಳು ನೆಟ್ಟಗೆ ಒಳಗೆ ಹೋದಳು. ಮಾರನೆಯ ದಿನದಿಂದ ಹಾಲ್ ಗುಡಿಸುವಾಗ ಆ ಕಡೆ ಬೆನ್ನು ಮಾಡಿಕೊಂಡೇ ಗುಡಿಸತೊಡಗಿದಳು. ಬುರುಡೆ ಕಂಡು ಹೆದರಿದ್ದಾಳೆ ಪಾಪ, ಬರಬರುತ್ತಾ ಸರಿಹೋಗುತ್ತಾಳೆ ಎಂದುಕೊಂಡೆ. ಬಂದವರಿಗೆಲ್ಲ ಆ ಚಿತ್ರದ ಕೆಳಗೆ ನಿಂತು ಭಾಷಣ ಮಾಡುವುದು ನನ್ನ ನಿತ್ಯಕರ್ಮವಾಯಿತು. ಸಾವಿಗೆ ಹೆದರಬಾರದು, ನಾನಂತೂ ರೆಡಿ, ಇವತ್ತು ಕರೆದರೆ ಇವತ್ತೇ ಹೊರಟೆ ಎಂದು. ಬಂದವರು ಪಾಪ, ಕಾಫಿ ಕುಡಿದು ಬೇಗ ಹೊರಡುತ್ತಿದ್ದರು.

ಎಡವಟ್ಟಾದದ್ದು ಒಂದು ಶುಕ್ರವಾರ, ಕ್ರೇಗಿಬರ್ನ್‌ನ ಪದ್ಮಾ ಆಂಟಿ ಅರಿಶಿನ ಕುಂಕುಮಕ್ಕೆ ಬಂದಾಗ. ನಮಗಿಂತ ಹಿರಿಯರು, ಎಲ್ಲರಿಗೂ ಆಂಟಿ. ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ನಿಗೆ ಇನ್ನೂ ಒಪ್ಪಿಲ್ಲ. ನಮ್ಮವರ ಮನೆಯ ಹಾಲ್‌ನಲ್ಲಿ ಮುದುಕರೊಬ್ಬರು ಚೌಕಟ್ಟಿನೊಳಗೆ ಕೂತಿದ್ದಾರೆ ಎಂದರೆ ಅರ್ಥ ಒಂದೇ, ತೀರಿಹೋದ ಹಿರಿಯರು. ಆಂಟಿ ನೆಟ್ಟಗೆ ಹೋಗಿ ಕೈಮುಗಿದು, ತಮ್ಮ ಮುಡಿಗೆಂದು ಕೊಟ್ಟಿದ್ದ ಹೂವಿನಲ್ಲಿ ಒಂದು ತುಂಡು ಮುರಿದು ಚೌಕಟ್ಟಿಗೆ ಸಿಕ್ಕಿಸಿದರು. ಆಮೇಲೆ ವಿಮಲಾಳ ಕೈ ಹಿಡಿದುಕೊಂಡು ಮೆಲ್ಲಗೆ, “ನಿಮ್ಮ ಮಾವನವರಾ? ಥೇಟ್ ನಿಮ್ಮ ಯಜಮಾನರ ಮುಖ ಕಣಮ್ಮ. ಯಾವಾಗ ಹೋದ್ರು?” ಎಂದು ಕೇಳಿದರು.

ನನಗೆ ನಗು ತಡೆಯಲಾಗಲಿಲ್ಲ. ವಿಮಲಾ ನಗಲಿಲ್ಲ. ಆಂಟಿ ಅತ್ತ ಹೋದದ್ದೇ ತಡ, ಸ್ಟೂಲ್ ಹತ್ತಿ ಆ ಹೂವನ್ನು ಕಿತ್ತು ಸೆರಗಿನಲ್ಲಿ ಮುಚ್ಚಿಕೊಂಡು ಅಡಿಗೆಮನೆಗೆ ಹೋದಳು. ಅವಳ ಕಣ್ಣು ಕೆಂಪಾಗಿತ್ತು. ನಾನು ಹಿಂದೆಯೇ ಹೋಗಿ, ಇದಕ್ಕೆಲ್ಲ ಬೇಜಾರು ಮಾಡಿಕೊಳ್ಳುತ್ತಾರೇನೇ, ಎಲ್ಲ ನಶ್ವರ ಎಂದೆ. ಅವತ್ತು ನನಗೆ ರಾತ್ರಿ ಊಟಕ್ಕೆ ಸಿಕ್ಕಿದ್ದು ಬ್ರೆಡ್ಡು.

ಇದಾಗಿ ವಾರವೂ ಕಳೆದಿರಲಿಲ್ಲ, ಕ್ಲಿನಿಕ್ಕಿನಿಂದ ಫೋನ್ ಬಂತು. ಸುಮ್ಮನೆ ರೊಟೀನ್ ಎಂದು ರಕ್ತ ಕೊಟ್ಟು ಬಂದಿದ್ದೆ. ರಿಸಲ್ಟ್ ಬಗ್ಗೆ ಡಾಕ್ಟರು ನಿಮ್ಮೊಡನೆ ಮಾತಾಡಬೇಕಂತೆ, ನಾಳೆ ಬೆಳಿಗ್ಗೆ ಬನ್ನಿ ಎಂದಳು ರಿಸೆಪ್ಷನ್ನಿನ ಹುಡುಗಿ. ಏನು ವಿಷಯ ಎಂದು ಕೇಳಿದರೆ ಫೋನಿನಲ್ಲಿ ಹೇಳುವಂತಿಲ್ಲ ಎಂದಳು. ಫೋನಿನಲ್ಲಿ ಹೇಳಲಾಗದ್ದು ಇನ್ನೇನಿರುತ್ತದೆ! ಹೊಟ್ಟೆಯಲ್ಲಿ ಎಲ್ಲಿ ಒತ್ತಿಕೊಂಡರೂ ನೋವಿದ್ದ ಹಾಗೆ ಕಂಡಿತು. ಸೋಫಾದಲ್ಲಿ ಕುಸಿದು ತಲೆಯೆತ್ತಿದರೆ ಆ ಮುದುಕ ಬುರುಡೆ ಸವರುತ್ತಾ ನನ್ನನ್ನೇ ನೋಡುತ್ತಿದ್ದಾನೆ. ಹೊರಟೆಯೇನಪ್ಪಾ ಎಂದು ಕೇಳುತ್ತಿದ್ದಾನೆ. ತಡೆಯಲಾಗಲಿಲ್ಲ. ಮಂಡಿನೋವು ಮರೆತು ಸ್ಟೂಲ್ ಹತ್ತಿ, ಅವನನ್ನು ಗೋಡೆಗೆ ಮುಖ ಮಾಡಿಸಿ ತಿರುಗಿಸಿಬಿಟ್ಟೆ. ಇಳಿಯುವಾಗ ನೋಡಿದರೆ ವಿಮಲಾ ಬಾಗಿಲಲ್ಲಿ ನಿಂತಿದ್ದಾಳೆ. ಫೋನಿನ ವಿಷಯ ಹೇಳಿದೆ. ಅವಳು ನನ್ನ ಕೈ ಹಿಡಿದು ಕೂರಿಸಿ, ಬಿಸಿಬಿಸಿ ಅನ್ನಕ್ಕೆ ತುಪ್ಪ, ಸಾರು ಕಲಸಿ ಕೊಟ್ಟಳು.

ಮಾರನೆಯ ದಿನ ಇಬ್ಬರೂ ಹೋದೆವು. ಡಾಕ್ಟರು ಕಂಪ್ಯೂಟರ್ ನೋಡಿ, ನಿಮಗೆ ವಿಟಮಿನ್ ಡಿ ಬಹಳ ಕಡಿಮೆಯಿದೆ, ದಿನಾ ಒಂದು ಮಾತ್ರೆ ತಗೊಳ್ಳಿ, ಸ್ವಲ್ಪ ಹೊತ್ತು ಬಿಸಿಲಿಗೆ ಬನ್ನಿ ಎಂದರು. ಅಷ್ಟೇ. ಮನೆಗೆ ಬಂದವಳೇ ವಿಮಲಾ ಸ್ಟೂಲ್ ಎಳೆದುಕೊಂಡು ಚಿತ್ರವನ್ನು ತಾನೇ ಮುಂದಕ್ಕೆ ತಿರುಗಿಸಿದಳು. ಬುರುಡೆಯ ಮೇಲಿನ ಧೂಳನ್ನೂ ಒರೆಸಿದಳು. ನಿನಗೆ ಈಗ ಭಯವಿಲ್ಲವೇನೇ ಎಂದು ಕೇಳಿದೆ.

“ಬುರುಡೆಗೆ ಯಾರ್ರೀ ಹೆದರಿದ್ರು? ಆ ಮುಖ ನಿಮ್ಮ ಥರಾನೇ ಇದೆ, ನೀವು ನೋಡಿದ್ರೆ ದಿನಾ ರೆಡಿ, ರೆಡಿ ಅಂತೀರಿ. ನನ್ನನ್ನ ಬಿಟ್ಟು ಹೋಗೋಕೆ ಇವರಿಗೆ ಇಷ್ಟು ಸಲೀಸಾ ಅಂತ ಸಂಕಟ ಆಗ್ತಿತ್ತು. ನಿನ್ನೆ ನೀವು ಹೆದರಿ ಅದನ್ನ ಗೋಡೆಗೆ ತಿರುಗಿಸಿದ್ದು ನೋಡಿದ್ಮೇಲೆ ಸಮಾಧಾನ ಆಯ್ತು.”

ಈಗ ದಿನಾ ಬೆಳಿಗ್ಗೆ ಹಿತ್ತಲಿನಲ್ಲಿ ಕುರ್ಚಿ ಹಾಕಿಕೊಂಡು ಬಿಸಿಲು ಕಾಯಿಸುತ್ತೇನೆ. ಗಾಜಿನ ಬಾಗಿಲಾಚೆ, ಗೋಡೆಯ ಮೇಲೆ ಮುದುಕ ತನ್ನ ಪಾಡಿಗೆ ತಾನಿದ್ದಾನೆ. ಮನೆಗೆ ಬಂದವರ ಮುಂದೆ ಹಳೆಯ ಚಟದಲ್ಲಿ ನಾನಂತೂ ರೆಡಿ ಎಂದು ಶುರುಮಾಡಿದರೆ, ಅಡಿಗೆಮನೆಯಿಂದ ವಿಮಲಾ, ಇವತ್ತಿನ ಮಾತ್ರೆ ತಗೊಂಡ್ರಾ ಎಂದು ಕೇಳುತ್ತಾಳೆ. ನಾನು ಭಾಷಣ ಅಲ್ಲಿಗೇ ಬಿಟ್ಟು ಎದ್ದುಹೋಗಿ ಮಾತ್ರೆ ನುಂಗಿ ಬರುತ್ತೇನೆ.